ಯಾರಿಗೆ ಹೇಳಿದಿರಿ ಎಂದು ಕೇಳುತ್ತಿದ್ದ ಪ್ರೋಗ್ರಾಮು

ಬಾಗಲಕೋಟೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಸೇರಿದಾಗ ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಡಿಪ್ಲೊಮಾ ಮುಗಿಸಿ ಟೈಪಿಂಗ್ ಕೆಲಸವಾದರೂ ಸಿಕ್ಕೀತೆಂದು ಹೋದವಳನ್ನು ಲ್ಯಾಬಿನ ಡಾಕ್ಟರು, "ರಿಪೋರ್ಟ್ ತಯಾರ ಮಾಡಾಕ ಒಂದು ಪ್ರೋಗ್ರಾಮ್ ಬರಿತಿಯೇನವಾ?" ಎಂದು ಕೇಳಿದರು. ಬರೆಯುತ್ತೇನೆ ಎಂದೆ. ಬರುತ್ತಿತ್ತು ಎಂದಲ್ಲ, ಇಲ್ಲ ಎಂದರೆ ವಾಪಸು ಕಳಿಸಿಯಾರು ಎಂಬ ಭಯಕ್ಕೆ.

ಮಧ್ಯಾಹ್ನ ರೋಗಿಗಳ ಗದ್ದಲ ಇಳಿದ ಮೇಲೆ ಡಾಕ್ಟರು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಹೆಸರು ಬರೆದುಕೊಳ್ಳುವುದು, ಪರೀಕ್ಷೆ, ಫಲಿತಾಂಶ, ಪ್ರಿಂಟು ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡು ಒಂದೇ ಪ್ರೋಗ್ರಾಮಾಯಿತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಎಲ್ಲಿ ಕೆಟ್ಟಿದೆ ಎಂಬುದು ನನಗೊಬ್ಬಳಿಗೇ ತಿಳಿಯುತ್ತಿತ್ತು. ಆ ಕಾರಣಕ್ಕೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಈಗ ಒಪ್ಪಿಕೊಳ್ಳಬಹುದು.

ಅದರಲ್ಲಿ ಡಾಕ್ಟರು ಹಟ ಹಿಡಿದು ಹಾಕಿಸಿದ್ದು ಒಂದು ಕೆಂಪು ಚೌಕ. ಕೆಲವು ಫಲಿತಾಂಶಗಳು ಕಾಯುವಂಥವಲ್ಲ. ಸಕ್ಕರೆ ತೀರಾ ಇಳಿದಿದ್ದರೆ, ಪೊಟ್ಯಾಸಿಯಂ ತೀರಾ ಏರಿದ್ದರೆ ರೋಗಿಗೆ ಆ ಕ್ಷಣದಲ್ಲೇ ಗೊತ್ತಾಗಬೇಕು. ಅಂಥದ್ದು ಬಂದರೆ ಪರದೆಯ ಮೇಲೆ ಕೆಂಪು ಚೌಕ ತೆರೆದು, ಯಾರಿಗೆ ಹೇಳಿದಿರಿ, ಎಷ್ಟು ಹೊತ್ತಿಗೆ, ಅವರು ಏನೆಂದರು ಎಂದು ಕೇಳುತ್ತಿತ್ತು. ಮೂರಕ್ಕೂ ಉತ್ತರ ತುಂಬುವವರೆಗೆ ಪ್ರಿಂಟರು ಮಿಸುಕುತ್ತಿರಲಿಲ್ಲ. ಸಿಬ್ಬಂದಿ ಅದನ್ನು ಬೈಯದ ದಿನವಿರಲಿಲ್ಲ. ಕೆಲವರು ಸುಮ್ಮನೆ "ಹೇಳಿದೆ" ಎಂದು ಹೊಡೆದು ಮುಂದೆ ಹೋಗುತ್ತಿದ್ದರು. ಇಷ್ಟು ಅಕ್ಷರವಾದರೂ ಇರಬೇಕೆಂದು ನಾನು ಕಟ್ಟುಪಾಡು ಹಾಕಿದೆ. "ಹೇಳಿದೆ ಹೇಳಿದೆ ಹೇಳಿದೆ" ಎಂದು ಹೊಡೆಯತೊಡಗಿದರು. ಕೊನೆಗೆ ದಿನಾ ಸಂಜೆ ಡಾಕ್ಟರೇ ಕೂತು ಆ ಉತ್ತರಗಳನ್ನು ಓದುವ ಪದ್ಧತಿ ಮಾಡಿಕೊಂಡರು. ಆಮೇಲೆ ಎಲ್ಲರೂ ನೆಟ್ಟಗೆ ಬರೆದರು.

ಲ್ಯಾಬು ಬೆಳೆಯಿತು. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ರಕ್ತ ತೆಗೆದುಕೊಳ್ಳುವ ಸೆಂಟರುಗಳಾದವು. ರಕ್ತದ ಡಬ್ಬಿಗಳು ಬಸ್ಸಿನಲ್ಲಿ ಬಾಗಲಕೋಟೆಗೆ ಬರುತ್ತಿದ್ದವು, ಹೆಸರುಗಳು ಪೆನ್‌ಡ್ರೈವಿನಲ್ಲಿ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿದರೆ ಮೂರೂ ಊರಿಗೆ ನಾನೇ ಹೋಗಿ ಹಾಕಿ ಬರಬೇಕು. ಬಾದಾಮಿಗೆ ಹೊಸದು ಹಾಕಿ ಬರುವಷ್ಟರಲ್ಲಿ ಇಳಕಲ್ಲಿನದು ಹಳತಾಗಿರುತ್ತಿತ್ತು. ಹುನಗುಂದದ ಕಂಪ್ಯೂಟರಿನಲ್ಲಿ ನಾನು ಮರೆತೇಬಿಟ್ಟಿದ್ದ ಹಳೇ ಪ್ರೋಗ್ರಾಮು ತಿಂಗಳುಗಟ್ಟಲೆ ನಡೆದದ್ದೂ ಉಂಟು. ಒಂದೇ ಹೆಸರಿನ ಇಬ್ಬರು ಇಳಕಲ್ಲಿನಿಂದ ಬಂದರೆ ಅರ್ಧ ದಿನ ಫೋನಿನಲ್ಲೇ ಕಳೆಯುತ್ತಿತ್ತು.

ಡಾಕ್ಟರ ಮಗಳೂ ಡಾಕ್ಟರಿಕೆಯನ್ನೇ ಓದಿ ಬಂದು ಲ್ಯಾಬಿನ ಆಡಳಿತ ವಹಿಸಿಕೊಂಡರು. ಒಂದು ದಿನ ನನ್ನನ್ನು ಕರೆದು, "ಅಕ್ಕಾ, ಬೇಜಾರ ಮಾಡ್ಕೋಬ್ಯಾಡ್ರಿ. ಇದು ಹಿಂಗ ನಡಿಯಂಗಿಲ್ಲ" ಎಂದರು. ಹೊಸ ವ್ಯವಸ್ಥೆ ಮಾಡಿಕೊಡಲು ಹುಬ್ಬಳ್ಳಿಯ ಕಂಪನಿಯೊಂದಕ್ಕೆ ಹೇಳಿದ್ದರು. ಆ ಕಂಪನಿಯಿಂದ ಬಂದವಳು ಮೂವತ್ತರ ಆಸುಪಾಸಿನ ಒಬ್ಬ ಇಂಜಿನಿಯರು.

ಅವಳು ಗೋಡೆಯ ಬಿಳಿ ಹಲಗೆಯ ಮೇಲೆ ನನ್ನ ಪ್ರೋಗ್ರಾಮನ್ನು ಒಂದು ದೊಡ್ಡ ವೃತ್ತವಾಗಿ ಬರೆದಳು. ಅದರ ಪಕ್ಕದಲ್ಲಿ ಐದಾರು ಸಣ್ಣ ವೃತ್ತಗಳನ್ನು ಬರೆದು ಗೆರೆ ಎಳೆದಳು.

"ಮೇಡಮ್‌ರಿ, ಈಗ ಎಲ್ಲಾ ಒಂದಾ ಗಂಟು ಆಗೇತ್ರಿ. ಪ್ರಿಂಟ್ ಕೆಟ್ರ ಹೆಸರು ಬರಕೊಳ್ಳೋದೂ ನಿಲ್ತೈತಿ. ಈ ಗಂಟು ಬಿಡಿಸಿ ಸಣ್ಣ ಸಣ್ಣ ಸರ್ವಿಸ್, ಅಂದ್ರ ಬ್ಯಾರೆ ಬ್ಯಾರೆ ಪ್ರೋಗ್ರಾಮ್, ಮಾಡೋಣ್ರಿ. ಹೆಸರಿಗೆ ಒಂದು, ಫಲಿತಾಂಶಕ್ಕ ಒಂದು, ರಿಪೋರ್ಟಿಗೆ ಒಂದು, ಮೆಸೇಜಿಗೆ ಒಂದು. ಒಂದು ಕೆಟ್ರ ಇನ್ನೊಂದು ನಿಲ್ಲಂಗಿಲ್ಲ. ಎಲ್ಲಾ ಕ್ಲೌಡಿನ್ಯಾಗ, ಇಂಟರ್ನೆಟ್ ಮ್ಯಾಲ ಇರ್ತಾವ, ನೀವು ಬಸ್ ಹತ್ತಿ ಹೋಗೋದು ತಪ್ಪತೈತಿ. ಪ್ರತಿಯೊಂದಕ್ಕೂ ತನ್ನ ಕೆಲಸ ಅಷ್ಟಾ ಗೊತ್ತಿದ್ರ ಸಾಕು."

ಅವಳು ಹೇಳಿದ್ದು ಖರೆಯೇ ಇತ್ತು. ಆದರೂ ಆ ದೊಡ್ಡ ವೃತ್ತವನ್ನು ಅವಳು ಡಸ್ಟರಿನಿಂದ ಒರೆಸಿದಾಗ ನನಗೆ ಬೇಸರವಾಯಿತು.

ಮುಂದಿನ ವಾರಗಳಲ್ಲಿ ಇಬ್ಬರೂ ಕೂತು ನನ್ನ ಹಳೇ ಸಾಲುಗಳನ್ನು ಒಂದೊಂದಾಗಿ ಓದಿದೆವು. ಅವಳು ಒಳ್ಳೆಯ ಹುಡುಗಿ. ಒಮ್ಮೆಯೂ ನಗಲಿಲ್ಲ. ಆದರೆ ಅವಳ ಕಂಪನಿಯವರು ಕಳಿಸುತ್ತಿದ್ದ ಪತ್ರಗಳಲ್ಲಿ ನನ್ನ ಪ್ರೋಗ್ರಾಮಿಗೆ ಹಳೆಯದು, ಹೊರೆಯಾದದ್ದು, ಆದಷ್ಟು ಬೇಗ ತೆಗೆಯಬೇಕಾದದ್ದು ಎಂದೇ ಹೆಸರು. ದಿನಾ ಅದನ್ನು ಓದಿ ಓದಿ, ನಾನು ಹಳಬಳಲ್ಲ ಎಂದು ತೋರಿಸಿಕೊಳ್ಳುವ ಆಸೆ ನನ್ನಲ್ಲಿ ಹುಟ್ಟಿತ್ತು. ಕೆಂಪು ಚೌಕದ ಸರದಿ ಬಂದದ್ದು ಆಗ.

"ಮೇಡಮ್‌ರಿ, ಇದೇನ್ರಿ? ಫಲಿತಾಂಶಕ್ಕೂ ರಿಪೋರ್ಟಿಗೂ ನಡುವ ಕುಂತೈತಿ. ಯಾವ ಸರ್ವಿಸಿಗೂ ಸೇರಂಗಿಲ್ಲ."

"ಹಳೇ ರೂಢಿ. ಈಗ ತಾನಾ ಮೆಸೇಜ್ ಹೋಗ್ತಾವಲ್ಲ. ಬ್ಯಾಡ ಬಿಡು."

"ಖರೇನಾ ಬಿಡೋಣೇನ್ರಿ? ಡಾಕ್ಟರಿಗೆ ಒಂದು ಮಾತು ಕೇಳೋಣೇನು?"

"ಏನೂ ಬ್ಯಾಡ. ನಾ ಹೇಳ್ತೇನಲ್ಲ."

ಅವಳು ಎರಡನೆಯ ಸಲವೂ ಕೇಳಿದ್ದಳು ಎಂಬುದನ್ನು ನಾನು ಇಲ್ಲಿ ಬರೆಯಲೇಬೇಕು. ಚೌಕದ ಬದಲಿಗೆ, ಅಪಾಯದ ಫಲಿತಾಂಶ ಬಂದರೆ ರೋಗಿಗೂ ಅವರ ಡಾಕ್ಟರಿಗೂ ತಾನಾಗಿ ಮೆಸೇಜು ಹೋಗುವಂತೆ ಮಾಡಿದೆವು.

ಹೊಸ ವ್ಯವಸ್ಥೆ ಶುರುವಾದ ಮೇಲೆ ಎಲ್ಲರಿಗೂ ಸುಖವಾಯಿತು. ಇಳಕಲ್ಲಿನಲ್ಲಿ ಬರೆದುಕೊಂಡ ಹೆಸರು ಡಬ್ಬಿಗಿಂತ ಮೊದಲೇ ಬಾಗಲಕೋಟೆಯಲ್ಲಿ ಕಾಣುತ್ತಿತ್ತು. ಹೆಸರಿನ ಗೊಂದಲ ನಿಂತಿತು. ಕೂಡಲಸಂಗಮದ ಕಡೆಯವರು ರಿಪೋರ್ಟಿಗೆಂದು ಹುನಗುಂದಕ್ಕೆ ಎರಡನೇ ಸಲ ಬರಬೇಕಾಗಲಿಲ್ಲ, ಮನೆಯಲ್ಲೇ ಫೋನಿನಲ್ಲಿ ನೋಡಿದರು. ನಾನು ಇಪ್ಪತ್ತು ವರ್ಷದಲ್ಲಿ ಮಾಡಲಾಗದ್ದು ಎಂಟು ತಿಂಗಳಲ್ಲಿ ಆಗಿತ್ತು. ಮೊದಲಿನ ಬೇಸರ ಹೋಗಿ, ಆ ಹುಡುಗಿಯಿಂದ ಕಲಿಯುವುದೇ ಒಂದು ಖುಷಿಯಾಯಿತು.

ಆಮೇಲೊಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದಾಗ ಬಾದಾಮಿ ಸೆಂಟರಿನ ಅಕ್ಕನ ಫೋನು ಬಂತು. ಆಕೆ ಅಲ್ಲಿ ಮೊದಲಿನಿಂದಲೂ ರಕ್ತ ತೆಗೆಯುವವಳು. ಕುರಿ ಸಾಕುವ ಮನೆತನದವಳು, ಬೀರಪ್ಪ ದೇವರ ವಾರದ ಪೂಜೆ ತಪ್ಪಿಸದವಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದರೂ ನನ್ನನ್ನೇ ಅಕ್ಕಾರ ಎನ್ನುತ್ತಾಳೆ.

"ಅಕ್ಕಾರ, ಮುಂಜಾನೆ ನಾ ರಕ್ತ ತಗದ ಕಳಿಸಿದ್ನೆಲ್ಲ ಒಬ್ಬಾಕಿ ಹೆಣ್ಣಮಗಳದ್ದು, ಆಕಿ ಪೊಟ್ಯಾಸಿಯಂ ನೋಡಿರೇನ್ರಿ?"

"ಇಲ್ಲ. ಯಾಕ?"

"ನೋಡ್ರಿ ಮೊದಲ. ರಿಪೋರ್ಟ್ ಹೋಗಿ ತಾಸಾಗೇತಿ. ಯಾರೂ ನನಗ ಫೋನ್ ಹಚ್ಚಿಲ್ಲ."

ತೆರೆದು ನೋಡಿದೆ. ಹೃದಯ ಯಾವ ಗಳಿಗೆಯಲ್ಲಿ ನಿಂತೀತೋ ಹೇಳಲಾಗದಷ್ಟು ಏರಿತ್ತು. ಆದರೆ ಪರದೆಯ ಮೇಲೆ ಮೂರೂ ಕಡೆ ಹಸಿರು ಗುರುತು. ಫಲಿತಾಂಶ ಆಯಿತು, ರಿಪೋರ್ಟ್ ಆಯಿತು, ಮೆಸೇಜ್ ಮುಟ್ಟಿತು. ಪರೀಕ್ಷೆ ಮಾಡಿದ ಟೆಕ್ನಿಷಿಯನ್‌ನನ್ನು ಕೇಳಿದೆ. "ಅಲರ್ಟ್ ತಾನಾ ಹೋಗತೈತಲ್ರಿ" ಎಂದ. ಅಲರ್ಟು ಹೋಗಿತ್ತು. ಎಲ್ಲ ತುಂಡುಗಳೂ ತಮ್ಮ ತಮ್ಮ ಕೆಲಸ ಮುಗಿಸಿ ಮುಂದಿನದಕ್ಕೆ ಒಪ್ಪಿಸಿ ಸುಮ್ಮನಾಗಿದ್ದವು. ತಪ್ಪು ಮಾಡಿದವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ.

ಪರೀಕ್ಷೆಗೆ ಚೀಟಿ ಬರೆದುಕೊಟ್ಟಿದ್ದ ಬಾದಾಮಿಯ ಡಾಕ್ಟರಿಗೆ ಲ್ಯಾಬಿನ ಇನ್ನೊಂದು ಫೋನಿನಿಂದ ಹಚ್ಚಿದೆ, ಎತ್ತಲಿಲ್ಲ. ದಿನಕ್ಕೆ ಹತ್ತಾರು ಮೆಸೇಜು ಬಂದು ಕಾಡುತ್ತವೆಂದು ಅವರು ನಮ್ಮ ಲ್ಯಾಬಿನ ಮೆಸೇಜುಗಳ ಸದ್ದನ್ನೇ ಬಂದ್ ಮಾಡಿಟ್ಟಿದ್ದರೆಂದು ಆಮೇಲೆ ತಿಳಿಯಿತು. "ನಾ ಅವರ ದವಾಖಾನಿಗೆ ಓಡ್ತೇನಿ, ನೀವು ಪೇಷಂಟ್ ಹುಡುಕ್ರಿ" ಎಂದು ಅಕ್ಕ ಫೋನಿಟ್ಟಳು.

ರೋಗಿಯ ಹೆಸರಿನ ಮುಂದಿದ್ದ ನಂಬರಿಗೆ ಹಚ್ಚಿದೆ. ಗಂಡಸಿನ ದನಿ.

"ನಾ ಟಂಟಂ ಆಟೊ ಡ್ರೈವರ್ ಅದೀನ್ರಿ. ಆ ಅಮ್ಮ ನಮ್ಮ ಊರಾಕಿ. ಫೋನ್ ತಂದಿದ್ದಿಲ್ಲಂತ ನನ್ನ ನಂಬರ್ ಕೊಟ್ಟಿದ್ಲು."

"ಈಗ ಎಲ್ಲಿ ಅದಾರ? ನಿಮಗ ಮೆಸೇಜ್ ಬಂದಿಲ್ಲೇನು?"

"ಇಂಗ್ಲಿಷಿನ್ಯಾಗ ಏನೋ ಒಂದು ಲಿಂಕ್ ಬಂದಿತ್ರಿ. ಗೊತ್ತಿಲ್ದ ಲಿಂಕ್ ಒತ್ತಬ್ಯಾಡ್ರಿ ಅಂತ ಎಲ್ಲಾರೂ ಹೇಳ್ತಾರಲ್ರಿ. ಅಳಿಸಿಬಿಟ್ಟೆ."

ಅವನು ಮಾಡಿದ್ದರಲ್ಲಿ ತಪ್ಪೇನಿದೆ? ಅವನಾಗ ಕುಳಗೇರಿ ಕ್ರಾಸಿನಲ್ಲಿ ಗಿರಾಕಿಗೆ ಕಾಯುತ್ತಿದ್ದ. ಆ ತಾಯಿಯನ್ನು ಊರಿಗೆ ಬಿಟ್ಟು ಬಂದಿದ್ದ. ಸಂಗತಿ ಹೇಳಿದೆ. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತಿ ಕೂತಿದ್ದವರನ್ನು, "ಇಳೀರಿ, ಇಳೀರಿ" ಎಂದು ಕೂಗುವುದು ನನಗೆ ಫೋನಿನಲ್ಲೇ ಕೇಳಿಸಿತು. ಮನೆಯ ಕಟ್ಟೆಯ ಮೇಲೆ ಆಯಾಸವೆಂದು ಒರಗಿದ್ದ ಆಕೆಯನ್ನು ಕೂರಿಸಿಕೊಂಡು ಬಾದಾಮಿಗೆ ತಂದ. ಅಷ್ಟರಲ್ಲಿ ಅಕ್ಕ ಅಲ್ಲಿಯ ಡಾಕ್ಟರನ್ನು ಎಬ್ಬಿಸಿ ಇಂಜೆಕ್ಷನ್ ಸಿದ್ಧಮಾಡಿಸಿ ಬಾಗಿಲಲ್ಲೇ ನಿಂತಿದ್ದಳು. ಹೃದಯದ ಬಡಿತದಲ್ಲಿ ಆಗಲೇ ವ್ಯತ್ಯಾಸ ಕಂಡಿತ್ತಂತೆ. ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಕಳಿಸಿದರು, ಇಲ್ಲಿ ಡಯಾಲಿಸಿಸ್ ಆಯಿತು. ಆಕೆ ಉಳಿದರು.

ಮರುದಿನ ಅಕ್ಕನನ್ನು ಕೇಳಿದೆ, "ನೀ ಯಾಕ ಅದನ್ನ ತೆಗೆದು ನೋಡಿದಿ? ಹೊಸದರಾಗ ನಿನಗ ನೋಡೋ ಕೆಲಸಾನ ಇಲ್ಲಲ್ಲ?"

"ಆ ಕೆಂಪಂದು ಹೋದಾಗಿಂದ ನನಗ ಸಮಾಧಾನ ಇಲ್ರಿ. ನಾ ಸೂಜಿ ಚುಚ್ಚಿದ ಮಂದಿ ಅವರು. ದಿನಾ ಊಟದ ಹೊತ್ತಿನ್ಯಾಗ ಎಲ್ಲಾರದೂ ಒಂದು ಸಲ ನೋಡ್ತೇನಿ."

ದೊಡ್ಡ ಡಾಕ್ಟರ ಮುಂದೆಯೂ ಅವರ ಮಗಳ ಮುಂದೆಯೂ ಆ ಚೌಕ ತೆಗೆಸಿದವಳು ನಾನೇ ಎಂದು ಹೇಳಿಕೊಂಡೆ. ಡಾಕ್ಟರು ಕನ್ನಡಕ ತೆಗೆದಿಟ್ಟು, "ಅದನ್ನ ಯಾಕ ಹಾಕಸಿದ್ದೆ ಅಂತ ನಿನಗ ಯಾವತ್ತರ ಹೇಳಿದ್ನೇನು?" ಎಂದರು. ಹೇಳಿರಲಿಲ್ಲ. ಆಗ ಹೇಳಿದರು. ಲ್ಯಾಬು ತೆರೆದ ಹೊಸದರಲ್ಲಿ ಶಿರೂರಿನ ಕಡೆಯ ಒಬ್ಬ ರೋಗಿಯ ರಿಪೋರ್ಟನ್ನು ಲಕೋಟೆಯಲ್ಲಿ ಹಾಕಿ, ಬಂದು ಒಯ್ಯಲಿ ಎಂದು ಕೌಂಟರಿನ ಮೇಲೆ ಇಟ್ಟಿದ್ದರಂತೆ. ಎರಡು ದಿನ ಬಿಟ್ಟು ಬಂದವರು ರೋಗಿಯಲ್ಲ, ಅವರ ತಮ್ಮ. ತಲೆ ಬೋಳಿಸಿಕೊಂಡಿದ್ದ. "ಏನು ಮಾಡಬೇಕು ಅಂತ ನಿನಗ ಹೇಳ್ದೆ. ಯಾಕ ಅನ್ನೋದು ಹೇಳಾಕ ನನಗ ಬಾಯಿ ಬರಲಿಲ್ಲ. ನಿಂದಷ್ಟಾ ತಪ್ಪಲ್ಲವಾ ಇದು."

ಹುಬ್ಬಳ್ಳಿಯ ಹುಡುಗಿ ಮೊದಲ ಬಸ್ಸಿಗೇ ಬಂದಿದ್ದಳು. ನಾನೇ ಬೇಡವೆಂದಿದ್ದೆ ಎಂಬ ಮಾತನ್ನು ಅವಳು ಎತ್ತಲೇ ಇಲ್ಲ. "ಮೆಸೇಜ್ ಮುಟ್ಟಿತು ಅಂದ್ರ ಫೋನಿಗೆ ಮುಟ್ಟಿತು ಅಂತ ಅಷ್ಟಾರಿ. ಮನಷ್ಯಾಗ ಮುಟ್ಟಿತೋ ಇಲ್ಲೋ ಅಂತ ಕೇಳೋದನ್ನ ನಾವು ಎಲ್ಲೂ ಬರದಾ ಇಲ್ಲ" ಎಂದಳು. ಹಳೆಯ ಚೌಕವನ್ನೇ ತಂದು ಕೂರಿಸಲು ಅವಳು ಒಪ್ಪಲಿಲ್ಲ, ರಿಪೋರ್ಟು ತಡೆದು ನಿಲ್ಲಿಸುವುದೂ ರೋಗಿಗೆ ಒಳ್ಳೆಯದಲ್ಲ ಎಂದು ವಾದಿಸಿದಳು. ಅದೂ ಸರಿಯೇ. ಅದಕ್ಕೆಂದೇ ಒಂದು ಬೇರೆ ಸರ್ವಿಸ್ ಮಾಡಿದೆವು. ಅಪಾಯದ ಫಲಿತಾಂಶ ಬಂದೊಡನೆ ಅದು ರಕ್ತ ತೆಗೆದವರ ಫೋನನ್ನು ಬಾರಿಸುತ್ತದೆ. ಅವರು ರೋಗಿಯೊಡನೆ ಮಾತಾಡಿ, ಆಡಿದ್ದನ್ನು ಬರೆಯಬೇಕು. ಹತ್ತು ನಿಮಿಷದಲ್ಲಿ ಬರೆಯದಿದ್ದರೆ ಮುಂದಿನವರಿಗೆ, ಅವರೂ ಬರೆಯದಿದ್ದರೆ ಡಾಕ್ಟರ ಮಗಳಿಗೇ. ರೋಗಿಗೆ ಹೋಗುವ ಮೆಸೇಜು ಕನ್ನಡದಲ್ಲಿರುತ್ತದೆ, ಲಿಂಕು ಇರುವುದಿಲ್ಲ.

ಅದರ ಜೊತೆಗೆ ನಾನು ಇನ್ನೊಂದು ಕೆಲಸಕ್ಕೆ ಕೂತೆ. ವ್ಯವಸ್ಥೆಯ ಒಂದೊಂದು ತುಂಡೂ ಯಾಕಿದೆ ಎಂದು ಕನ್ನಡದಲ್ಲಿ ಬರೆಯುತ್ತಾ ಹೋದೆ. ಡಾಕ್ಟರು ಮತ್ತೆ ಮಧ್ಯಾಹ್ನಗಳಲ್ಲಿ ಬಂದು ಕೂತರು. ನಾನೇ ಕಟ್ಟಿದ ಪ್ರೋಗ್ರಾಮಿನಲ್ಲಿ ಅರ್ಧದಷ್ಟು ಸಂಗತಿಗಳ ಕಾರಣ ನನಗೆ ಗೊತ್ತಿರಲಿಲ್ಲ. ಒಂದೇ ಗಂಟಾಗಿದ್ದಾಗ ಅದು ತಿಳಿಯುವ ಅಗತ್ಯವೂ ಬಿದ್ದಿರಲಿಲ್ಲ, ಎಲ್ಲ ಹೇಗೋ ಒಟ್ಟಿಗೇ ನಡೆದಿತ್ತು. ಬಿಡಿಸುವಾಗಲೇ ಕಾರಣ ಬೇಕಾಗುವುದು.

ಒಂದು ತಿಂಗಳ ನಂತರ ಅಕ್ಕನ ಜೊತೆ ಆ ತಾಯಿಯ ಊರಿಗೆ ಹೋದೆ. ಅಂಗಳದಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಅಕ್ಕನನ್ನು ಗುರುತು ಹಿಡಿದು ನಕ್ಕರು. ನನ್ನನ್ನು ನೋಡಿ, "ಈಕಿ ಯಾರವಾ?" ಎಂದರು.

"ಲ್ಯಾಬಿನ ಕಂಪ್ಯೂಟರ್ ನೋಡೋಕಿ ಅದೀನ್ರಿ, ಅಮ್ಮಾ. ನನ್ನಿಂದ ತಪ್ಪಾಗಿತ್ತು. ಹೇಳಿ ಹೋಗಬೇಕಂತ ಬಂದೆ."

"ಏನು ತಪ್ಪ? ಕುಂತ ಹೇಳು."

ಅಷ್ಟು ಕೇಳಿಯಾರು ಎಂದುಕೊಂಡಿರಲಿಲ್ಲ. ಸರ್ವಿಸು, ಕ್ಲೌಡು ಯಾವುದನ್ನೂ ಬಾಯಿಗೆ ತರದೆ ಹೇಳಬೇಕಾಯಿತು. ಮೊದಲು ಒಬ್ಬರೇ ಮಾಡುತ್ತಿದ್ದ ಕೆಲಸವನ್ನು ಐದಾರು ಜನಕ್ಕೆ ಹಂಚಿದೆವು, ನಿಮ್ಮನ್ನು ಮಾತಾಡಿಸುವ ಕೆಲಸ ಯಾರದೆಂದು ಹೇಳುವುದನ್ನು ನಾನು ಬಿಟ್ಟೆ ಎಂದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಬೇಕಂತ ಬಿಟ್ಟೇನು?"

"ಬ್ಯಾಡ ಅಂತ ನಾನಾ ಹೇಳಿದ್ದೆ, ಅಮ್ಮಾ."

ಅವರ ಮುಖ ಬಿಗಿಯಾಯಿತು. ಆಮೇಲೆ, "ನಮ್ಮ ಮನ್ಯಾಗ ನಾ ನಿಂತು ಮಾಡಬೇಕಾದ ಲಗ್ನ ಇನ್ನಾ ಎರಡು ಅದಾವ" ಎಂದಷ್ಟೇ ಹೇಳಿ ಸೊಪ್ಪಿಗೆ ಕೈ ಹಾಕಿದರು. ನಾನೂ ಒಂದು ಸಿವುಡು ತೆಗೆದುಕೊಂಡು ಬಿಡಿಸತೊಡಗಿದೆ. ಬೇಡ ಎನ್ನಲಿಲ್ಲ. ಹೊರಡುವಾಗ ಸೊಸೆಯನ್ನು ಕರೆದು ನಮ್ಮಿಬ್ಬರಿಗೂ ಮಜ್ಜಿಗೆ ಕೊಡಿಸಿದರು. ಕ್ಷಮಿಸಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಬಸ್ಸಿಗೆ ಕಾಯುತ್ತ ನಿಂತಾಗ ಅಕ್ಕ, ಬಾದಾಮಿ ಸೆಂಟರಿನ ರಕ್ತ ತಿರುಗಿಸುವ ಮಷಿನ್ನು ನಾಲ್ಕು ದಿನದಿಂದ ಗರ್ ಎನ್ನುತ್ತಿದೆ, ಯಾರನ್ನಾದರೂ ಕಳಿಸಿ ಎಂದಳು. ಬರೆದುಕೊಂಡೆ. ಯಾವಾಗಿನಿಂದ, ಎಂಥ ಸದ್ದು, ಯಾರಿಗೆ ತೊಂದರೆ ಎಂದು ಕೇಳಿ ಕೇಳಿ ಬರೆದುಕೊಳ್ಳುವಷ್ಟರಲ್ಲಿ ಬಸ್ಸು ಬಂತು.