ಅಣ್ಣ ನೇಯ್ದ ರೆಕ್ಕೆ

ಹೋದ ಭಾನುವಾರ ನಮ್ಮಣ್ಣನಿಗೆ ವಿಮಾನ ಹಾರಿಸಿ ತೋರಿಸಿದೆ. ಅಣ್ಣನಿಗೆ ಈಗ ಕಣ್ಣು ಕಾಣುವುದಿಲ್ಲ.

ತಮಾಷೆಯಲ್ಲ. ಈ ಕೆಲಸವನ್ನು ಮೂರು ವರ್ಷದ ಹಿಂದೆಯೇ ಮಾಡಬೇಕಿತ್ತು. ಆಗ ಅವನಿಗೆ ಚೆನ್ನಾಗಿ ಕಾಣುತ್ತಿತ್ತು.

ನನ್ನ ಎರಡು ಹುಚ್ಚು ನಿಮಗೆ ಗೊತ್ತೇ ಇದೆ. ಒಂದು ಸೈಕಲ್ಲು, ಇನ್ನೊಂದು ಪುಟಾಣಿ ವಿಮಾನ ಕಟ್ಟುವುದು. ಎರಡರಲ್ಲೂ ಎಕ್ಸ್‌ಪರ್ಟ್ ಏನಲ್ಲ. ಸೇಲಂನಿಂದ ಹೊಗೆನಕಲ್‌ವರೆಗೆ ಬೆವರು ಸುರಿಸಿ ಪೆಡಲ್ ತುಳಿದು, ಅಲ್ಲಿ ಎರಡು ಪ್ಲೇಟು ಮೀನು ಫ್ರೈ ಬಾರಿಸಿ, ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ವಾಪಸಾಗುವ ಜಾತಿ ನನ್ನದು. ವಿಮಾನದ ಕಥೆ ಇನ್ನೂ ಕೆಟ್ಟದು. ಬಾಲ್ಸಾ ಎಂಬ ಹಗುರ ಮರದ ಕಡ್ಡಿಗಳನ್ನು ಅಂಟಿಸಿ ತಿಂಗಳುಗಟ್ಟಲೆ ಕಟ್ಟುತ್ತೇನೆ. ಒಂದೇ ನಿಮಿಷದಲ್ಲಿ ಬೀಳಿಸುತ್ತೇನೆ.

ಹಿಂದೆಲ್ಲ ಇಂಥ ವಿಮಾನದ ರೆಕ್ಕೆಗೆ ರೇಷ್ಮೆ ಹೊದಿಸುತ್ತಿದ್ದರಂತೆ. ಹಾಗಂತ ಎಲ್ಲೋ ಓದಿದೆ. ನಮಗೆ ರೇಷ್ಮೆಗೇನು ಬರ? ಸೇಲಂನ ಗುಗೈ ಬಡಾವಣೆಯಲ್ಲಿ ಅಣ್ಣನ ಮಗ್ಗವಿತ್ತು. ಬಿಳಿ ರೇಷ್ಮೆ ಪಂಚೆ ನೇಯುವುದರಲ್ಲಿ ಪಳಗಿದ ಕೈ ಅವನದು. ಅಪ್ಪನ ಕಸುಬು ಹಿಡಿದವನು ಅವನೊಬ್ಬನೇ. ನಾನು ಪಾಲಿಟೆಕ್ನಿಕ್ ಓದಿ ಫ್ಯಾಕ್ಟರಿ ಸೇರಿದವನು. ರೆಕ್ಕೆಗೊಂದು ತುಂಡು ನೇಯ್ದುಕೊಡು ಅಂತ ಅಣ್ಣನನ್ನು ಕೇಳಿದೆ.

"ಇಮಾನಕ್ಕೆ ಯಾಕ್ಲಾ ಬಟ್ಟೆ? ಅದಕ್ಕೂ ಮಾನ ಮರ್ವಾದಿ ಐತಾ?" ಎಂದು ನಕ್ಕ. ನಕ್ಕರೂ ನೇಯ್ದ. ಪಂಚೆಗಿಂತ ತೆಳುವಾಗಿ ನೇಯ್ದ ತುಂಡು, ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಹಾಲಿನಂಥ ಬಿಳುಪು. ಒದ್ದೆ ಮಾಡಿ ಐದಡಿ ರೆಕ್ಕೆಗೆ ಎಳೆದು ಅಂಟಿಸಿ, ಮೇಲೆ ವಾರ್ನಿಷಿನಂಥದ್ದೊಂದು ಬಳಿದಾಗ ತಮಟೆಯ ಹಾಗೆ ಬಿಗಿಯಿತು. ಮೋಟರ್ ಇಲ್ಲದ ಗ್ಲೈಡರ್ ಅದು. ಗಾಳಿಯೇ ಅದಕ್ಕೆ ಪೆಟ್ರೋಲು.

"ಯಾವತ್ತು ಆರಿಸ್ತೀಯಾ?" ಅಣ್ಣ ಅವತ್ತೇ ಕೇಳಿದ. "ನನ್ ಬಟ್ಟೆ ಉಟ್ಕೊಂಡೋರ್ನ ಬೇಕಾದಷ್ಟು ನೋಡಿವ್ನಿ. ಆಕಾಸ್ದಲ್ಲಿ ಓಗೋದ ನೋಡಿಲ್ಲ ಕಣ್ಲಾ. ನೋಡ್ಬೇಕು."

ನಾನು ಹಾರಿಸಲಿಲ್ಲ. ಹೇಗೆ ಹಾರಿಸಲಿ? ಬಿದ್ದರೆ? ಆ ಬಿಳುಪಿಗೆ ಕೆಮ್ಮಣ್ಣು ಮೆತ್ತಿದರೆ? ಹಾಲ್‌ನಲ್ಲಿ ಕಿಟಕಿಯ ಎದುರಿನ ಗೋಡೆಗೆ ನೇತುಹಾಕಿದೆ. ಬಂದವರೆಲ್ಲ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ಅಣ್ಣ ಮಾತ್ರ ಬಂದಾಗಲೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದ.

ಆಡಿ ತಿಂಗಳು, ಅಂದರೆ ಆಷಾಢ, ಗಾಳಿ ಜೋರು ಅಂದೆ. "ಆಡಿ ಗಾಳೀಲಿ ಅಮ್ಮಿನೇ ಆರ್ತೈತಂತೆ, ನಿನ್ ಇಮಾನ ಆರಲ್ವಾ?" ಅಂದ. (ಅಮ್ಮಿ ಅಂದರೆ ಅರೆಯುವ ಕಲ್ಲು. ಗಾದೆ ತಮಿಳಿನದು, ಕೊಂಕು ನಮ್ಮಣ್ಣನದು.) ಆಮೇಲೆ ಮಳೆ ಅಂದೆ. ಪೊಂಗಲ್ ಕಳೀಲಿ ಅಂದೆ. ಕೊನೆಗೆ ಅವನೂ ಕೇಳುವುದು ಬಿಟ್ಟ.

ನಮ್ಮ ಮನೆಗಳಲ್ಲಿ ಒಳ್ಳೆಯ ವಸ್ತುವಿಗೆಲ್ಲ ಇದೇ ಗತಿ ಅಲ್ಲವೇ? ಹೊಸ ಕಪ್ಪು ನೆಂಟರಿಗೆ, ಒಡೆದ ಕಪ್ಪು ನಮಗೆ. ಸೋಫಾದ ಪ್ಲಾಸ್ಟಿಕ್ ಹರಿಯುವ ಹೊತ್ತಿಗೆ ಸೋಫಾನೇ ಹಳೆಯದು. ನನ್ನ ಗೇರ್ ಸೈಕಲ್ ಕೂಡ ಮೋಡ ಕಂಡರೆ ಸಾಕು, ಹೊರಗೆ ಬರುವುದಿಲ್ಲ. ಯಾವ ದೊಡ್ಡ ದಿನಕ್ಕೆ ಕಾಯುತ್ತೇವೋ ದೇವರಿಗೇ ಗೊತ್ತು!

ಅಷ್ಟರಲ್ಲಿ ಶುಗರ್ ಅಣ್ಣನ ಕಣ್ಣಿಗಿಳಿಯಿತು. ಲೇಸರ್ ಆಯಿತು, ಇಂಜೆಕ್ಷನ್ ಆಯಿತು. ಈಗ ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವುದಷ್ಟೇ ತಿಳಿಯುತ್ತದೆ. ಮಗ್ಗ ಬಿಚ್ಚಿದ ದಿನ ನಾನೂ ಅಲ್ಲಿದ್ದೆ. ಅವನು ಅಳಲಿಲ್ಲ. ಮನೆಗೆ ಬಂದ ಮೇಲೆ ನನಗೆ ಹಾಲ್‌ನಲ್ಲಿ ಕೂರುವುದಕ್ಕೇ ಆಗಲಿಲ್ಲ.

ಹೋದ ವಾರ ಅವನೇ ಫೋನ್ ಮಾಡಿದ. "ಅಕ್ಕನ ಊರ್ಗೆ ಓಗಾನ. ಆ ಇಮಾನಾನೂ ತಕ್ಕೊಂಡ್ ಬಾ."

ಅಕ್ಕನ ಊರು ಕಾರಿಮಂಗಲಂ ಪಕ್ಕ. ಬಸ್ಸಿನಲ್ಲಿ ಬಟ್ಟೆ ಸುತ್ತಿದ ರೆಕ್ಕೆ ಕಂಡು ಕಂಡಕ್ಟರ್, "ಎನ್ನ ಸಾರ್, ಜನ್ನಲಾ?" ಎಂದ. ಕಿಟಕಿ ಅಂದುಕೊಂಡನಂತೆ. "ವಿಮಾನಂ," ಅಂತ ಅಣ್ಣ ಠೀವಿಯಿಂದ ಹೇಳಿದ. "ಅಪ್ಪೊ ಬಸ್ ಎದುಕ್ಕು?" ವಿಮಾನವೇ ಇರುವಾಗ ಬಸ್ ಯಾಕೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಇಡೀ ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅಣ್ಣ ನಕ್ಕ.

ಊರಾಚೆ ಬತ್ತಿದ ಕೆರೆಯಿದೆ. ಅಲ್ಲಿಗೆ ಹೋಗಲು ಭಾವನ ಹಳೇ ಸೈಕಲ್ ತೆಗೆದುಕೊಂಡೆ. ಗ್ಲೈಡರಿನ ಮೈಯನ್ನು ಹ್ಯಾಂಡಲಿಗೆ ಕಟ್ಟಿದೆ. ಅಣ್ಣ ಕ್ಯಾರಿಯರ್ ಮೇಲೆ ಕೂತು ರೆಕ್ಕೆಯನ್ನು ಎರಡೂ ಕೈಯಲ್ಲಿ ತಲೆ ಮೇಲೆ ಹಿಡಿದ. ಇಳಿಜಾರು ಬಂತು, ಸೈಕಲ್ ವೇಗ ಹಿಡಿಯಿತು.

"ಲೇ ಲೇ! ಇದು ಕೈ ಬುಟ್ಟು ಮ್ಯಾಕೆ ಓಯ್ತೈತೆ ಕಣ್ಲಾ!"

"ಬ್ರೇಕ್ ಆಕ್ಲಾ ಅಣ್ಣ?"

"ಬ್ಯಾಡ, ಬ್ಯಾಡ! ಇನ್ನಾ ಜೋರಾಗಿ ತುಳಿ!"

ತುಳಿದೆ. ಹಿಂದೆ ಅವನು ಮಗುವಿನಂತೆ ಕೇಕೆ ಹಾಕುತ್ತಿದ್ದ. ಮುಂದೆ ನನಗೆ ದಾರಿ ಮಸುಕಾಗುತ್ತಿತ್ತು. ಇಷ್ಟು ಸಣ್ಣ ಖುಷಿಯನ್ನು ಮೂರು ವರ್ಷ ಮೊಳೆಗೆ ನೇತುಹಾಕಿದ್ದೆನಲ್ಲ!

ಕೆರೆ ಏರಿಯ ಮೇಲೆ ನಿಂತು, ರೆಕ್ಕೆ ಜೋಡಿಸಿ, ಗಾಳಿಗೆದುರಾಗಿ ಎಸೆದೆ. ಬಿದ್ದೇ ಬೀಳುತ್ತದೆ ಅಂದುಕೊಂಡೆ. ಬೀಳಲಿಲ್ಲ. ಜಾಲಿ ಗಿಡಗಳ ಮೇಲೆ ತೇಲಿ, ಸುತ್ತು ಹೊಡೆದು, ನಮ್ಮ ಕಡೆಗೇ ಬಂತು. ನಾನು ಕಟ್ಟಿದ್ದರಲ್ಲಿ ಅಷ್ಟು ಚೆನ್ನಾಗಿ ಹಾರಿದ್ದು ಅದೊಂದೇ. ಆದರೆ ಒಂದಿಷ್ಟೂ ಸದ್ದಿಲ್ಲ. ಮೋಟರ್ ಇದ್ದಿದ್ದರೆ ಅವನಿಗೆ ಕೇಳಿಸಿಯಾದರೂ ಕೇಳಿಸುತ್ತಿತ್ತು.

"ಎಲ್ಲೈತ್ಲಾ?"

"ತಲೆ ಮ್ಯಾಲೇ ಐತಣ್ಣ."

ಮುಖ ಎತ್ತಿದ. ವಿಮಾನ ಒಂದು ಕಡೆ, ಅವನು ನೋಡುತ್ತಿದ್ದದ್ದು ಇನ್ನೊಂದು ಕಡೆ. ಹಾಗೇ ನಿಂತು ಮೆಲ್ಲಗೆ ಕೇಳಿದ: "ಬೆಳ್ಳಗೆ ಕಾಣ್ತೈತಾ?"

"ಊಂ ಅಣ್ಣ. ಕೊಕ್ಕರೆ ಇದ್ದಂಗೈತೆ," ಅಂದೆ.

ಮೂರು ವರ್ಷ ಕಿಟಕಿಯ ಬಿಸಿಲು ಕುಡಿದು ಆ ರೆಕ್ಕೆ ಯಾವತ್ತೋ ಹಳದಿಯಾಗಿತ್ತು.