ಕೊನೇರ ಮಹಾರಾಜನ ಕಡೆಯ ಔತಣ

ನನ್ನ ಭಾವ ತಿರುಮಲೇಶ್ವರ ಭಟ್ಟರು ಐರ್ಲೆಂಡಿನ ಒಬ್ಬ ರಾಜನನ್ನು ಸಾಯಿಸಲು ಹನ್ನೊಂದು ವರ್ಷ ತೆಗೆದುಕೊಂಡರು. ರಾಜ ಎರಡು ಸಾವಿರ ವರ್ಷಗಳ ಹಿಂದೆಯೇ ಸತ್ತವನು, ಈಗೇನು ಅವಸರ ಎಂಬುದು ಅವರ ವಾದ. ಅಕ್ಕನ ಗಂಡನೆಂದು ನಾನು ಸುಮ್ಮನಿದ್ದೆ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಆಡಿಯೇ ಬಿಡುತ್ತಿದ್ದೆ.

ಭಾವನ ಊರು ಕಾಸರಗೋಡಿನ ಹತ್ತಿರ. ಕೆಲಸ ಕೊಚ್ಚಿಯಲ್ಲಿ, ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಯಾವುದೋ ಹಡಗಿನ ಐರಿಷ್ ಇಂಜಿನಿಯರು ಬಿಟ್ಟುಹೋದ ರಟ್ಟಿಲ್ಲದ ಪುಸ್ತಕದಲ್ಲಿ ಅವರಿಗೆ ಈ ಕೊನೇರ ಮಹಾರಾಜ ಸಿಕ್ಕಿದ. ಪಟ್ಟವೇರುವಾಗಲೇ ಅವನಿಗೆ ಕೆಲವು ನಿಷೇಧಗಳು ಅಂಟಿಕೊಂಡಿದ್ದವು. ಕೆಂಪು ಬಟ್ಟೆಯ ಮೂವರು ಸವಾರರು ಅವನ ಮುಂದೆ ಹೋಗಬಾರದು, ಇಬ್ಬರು ಆಳುಗಳ ಜಗಳವನ್ನು ಅವನು ತೀರ್ಮಾನಿಸಬಾರದು, ಹೀಗೆ. ಎಲ್ಲವೂ ಒಂದೊಂದಾಗಿ ಮುರಿದು ರಾಜ ಸಾಯುತ್ತಾನೆ. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ಭಾವನಿಗೆ ಇದು ನಮ್ಮದೇ ಕಥೆ ಅನ್ನಿಸಿತಂತೆ. ಸರಿ, ಕಾದಂಬರಿ ಶುರುವಾಯಿತು.

ಆಮೇಲೆ ಮನೆಯಲ್ಲಿ ನೆಮ್ಮದಿ ಎಲ್ಲಿಯದು? ಒಂದು ದಿನ ರಾಜನ ಮೊದಲ ಯುದ್ಧ ಯೋಚಿಸುತ್ತ ಎರ್ನಾಕುಳಂ ಜೆಟ್ಟಿಯಲ್ಲಿ ತಪ್ಪು ದೋಣಿ ಹತ್ತಿದವರು ವಲ್ಲಾರ್ಪಾಡಂನಲ್ಲಿ ಇಳಿದರು. ಇಳಿದ ಮೇಲೂ ಗೊತ್ತಾಗಲಿಲ್ಲ. ಅಲ್ಲಿಯ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಯುದ್ಧ ಮುಗಿಸಿಯೇ ಎದ್ದರಂತೆ. ಮಗಳು ವಿಜಯಶ್ರೀಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಅಪ್ಪ ಕಚೇರಿಯಿಂದ ಬಂದ ಕೂಡಲೇ 'ರಾಜಾವು ಮರಿಚ್ಚೋ?' ಎಂದು ಕೇಳುವಳು. ಸತ್ತಿಲ್ಲ ಎಂದು ಭಾವ ಅಷ್ಟೇ ಗಂಭೀರವಾಗಿ ಹೇಳುವರು.

ಭಾವನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅವರು ಬರೆದದ್ದು ಅವರಿಗೇ ಓದಲಿಕ್ಕಾಗದು. ಅದನ್ನು ಓದಬಲ್ಲ ಪ್ರಾಣಿ ಭೂಮಿಯ ಮೇಲೆ ಒಂದೇ, ನನ್ನ ಅಕ್ಕ ಸುಬ್ಬಲಕ್ಷ್ಮಿ. ಅಡಿಗೆ ಮುಗಿಸಿ ಕೂತು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಅವಳು ಪ್ರತಿ ಮಾಡುವಳು.

ಮೂವರು ಪ್ರಕಾಶಕರು ಮುಗಿದಷ್ಟು ಭಾಗದ ಆ ಪ್ರತಿಯನ್ನು ಓದದೆಯೇ ಹಿಂದಕ್ಕೆ ಕಳಿಸಿದ್ದರು. ಸಾವಿರದ ಒಂಬೈನೂರ ಐವತ್ತೆಂಟರ ಅಕ್ಟೋಬರಿನಲ್ಲಿ ಮಂಗಳೂರಿನ ನಾಲ್ಕನೆಯವರು, ಕೃಷ್ಣಾನಂದರೆಂಬವರು, ತಿರುವನಂತಪುರದ ಮಗಳ ಮನೆಗೆ ಬಂದರು. ನನಗೆ ಅಲ್ಲಿಯೇ ಕೆಲಸ. ನಮ್ಮ ಕನ್ನಡಿಗರ ಕೂಟಕ್ಕೆ ಅವರನ್ನು ಕರೆದು, ಕಾಡಿ ಬೇಡಿ ಒಪ್ಪಿಸಿದೆ. ಕಡೆಯ ಅಧ್ಯಾಯವನ್ನು ಭಾವ ಓದಲಿ, ಹಿಡಿಸಿದರೆ ಇಡೀ ಪುಸ್ತಕ ಅಚ್ಚು ಹಾಕುವೆ, ಇಲ್ಲದಿದ್ದರೆ ಮತ್ತೆ ಕೇಳಬೇಡಿ ಎಂದರು. ಇದೂ ತಪ್ಪಿದರೆ ಭಾವ ಇನ್ನು ಪೆನ್ನು ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು.

ಭಾವ ಆ ಅಧ್ಯಾಯವನ್ನು ಹೊರಡುವ ಎರಡು ದಿನ ಮೊದಲು ಮುಗಿಸಿದರು. ಅಕ್ಕ ಕೂತಲ್ಲಿಂದ ಏಳದೆ ಪ್ರತಿ ಮಾಡಿ, ರೈಲಿನ ಹೊತ್ತಿಗೆ ಮುಗಿಸಿ ಜೊತೆಗೆ ತಾನೂ ಹೊರಟಳು. ರೈಲಿನಲ್ಲಿ ಅಕ್ಷರ ನೋಡಿದರೆ ಭಾವನಿಗೆ ತಲೆ ತಿರುಗುತ್ತದೆ. ಹಾಗಾಗಿ ಕಾಗದದ ಕಟ್ಟು ಬಿಚ್ಚಿದ್ದು ತಿರುವನಂತಪುರ ಸ್ಟೇಷನ್ನಿನ ಬಳಿ ತಂಪಾನೂರಿನ ಲಾಡ್ಜಿನಲ್ಲಿ, ಕೂಟದ ಮೂವತ್ತು ಜನರ ಎದುರಿಗೇ.

ಮೊದಲ ಎರಡು ಪುಟ ಚೆನ್ನಾಗಿ ಹೋಯಿತು. ಕೃಷ್ಣಾನಂದರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ರಾಜ ಔತಣಕ್ಕೆ ಕೂತಿದ್ದಾನೆ, ಸಾವು ಬಾಗಿಲಿಗೆ ಬಂದಿದೆ. ಭಾವ ಗಂಟಲು ನಡುಗಿಸುತ್ತ ಓದಿದರು: "ಆಗ ಒಂಟಿಕಣ್ಣಿನ ದೈತ್ಯನೊಬ್ಬ ಬೆನ್ನ ಮೇಲೆ ಕರಿಯ ಸುವರ್ಣಗೆಡ್ಡೆಯೊಂದನ್ನು ಹೊತ್ತು ಒಳಗೆ ಬಂದನು. ಅರೆಸುಟ್ಟ ಆ ಗೆಡ್ಡೆಯು ಇನ್ನೂ ಕಿರುಚುತ್ತಿತ್ತು."

ಓದಿ ಭಾವ ನಿಂತರು. ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿ ಗೆಡ್ಡೆಯ ನಾಲ್ಕೂ ಕಾಲುಗಳನ್ನು ಕಟ್ಟಲಾಗಿತ್ತು. ಅಲ್ಲಿಗೆ ಮುಗಿಯಿತು, ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮ ಕಾರ್ಯದರ್ಶಿ ಕಮಲಾಕ್ಷ ಕುರ್ಚಿಯಿಂದ ಜಾರಿಯೇ ಬಿಟ್ಟ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು ನನಗೆ.

ಕೃಷ್ಣಾನಂದರು ನಗಲಿಲ್ಲ, ಚೀಲ ತೆಗೆದುಕೊಂಡು ಎದ್ದರು. ತಾನು ಪ್ರಹಸನ ಅಚ್ಚು ಹಾಕುವವನಲ್ಲ, ಕರೆದು ಕೂರಿಸಿ ಗೇಲಿ ಮಾಡಿದಿರಾ ಎಂದು ಕೇಳಿದರು. ಇದು ಯಾರ ಕೆಲಸವೆಂದು ನನಗಾಗಲೇ ಹೊಳೆದಿತ್ತು. ಭಾವನಿಗೆ ಹೊಳೆಯದೆ ಇರುತ್ತದೆಯೇ? ಹೆಂಡತಿ ತಪ್ಪು ಬರೆದಳು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮನುಷ್ಯ ಹೆಂಗಸರ ಸಾಲಿನ ಕಡೆ ಒಮ್ಮೆ ನೋಡಿ, ತಪ್ಪು ತನ್ನದೇ, ಕ್ಷಮಿಸಬೇಕು ಎಂದು ಕಾಗದ ಮಡಚಿದರು. ಹನ್ನೊಂದು ವರ್ಷ! ನನಗೆ ಅಳುವೇ ಬಂತು.

ಕೃಷ್ಣಾನಂದರು ಬಾಗಿಲು ಮುಟ್ಟಿದ್ದರು. ಆಗ ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ಹುಟ್ಟಿದ ಮೇಲೆ ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ.

"ಗೆಡ್ಡೆ ನನ್ನದು. ಇವರು ಬರೆದದ್ದು ಹಂದಿ."

ನಾನು ದಂಗಾದೆ. ನಮ್ಮ ಅಜ್ಜಿಯಿಂದ ಬಂದ ವ್ರತ ಅದು. ಚಾತುರ್ಮಾಸ್ಯದ ನಾಲ್ಕು ತಿಂಗಳು ಅಂಥ ಪ್ರಾಣಿಯ, ಮಾಂಸದ ಹೆಸರನ್ನು ಬರೆಯುವುದಿಲ್ಲ, ನಾಲಗೆಯ ಮೇಲೂ ತರುವುದಿಲ್ಲ. ಮದುವೆಯಾದ ಮೇಲೆ ಒಂದು ವರ್ಷವೂ ಅಕ್ಕ ತಪ್ಪಿಸಿರಲಿಲ್ಲ.

"ವ್ರತ ಉಂಟು, ಬರೀಲಿಕ್ಕೆ ಕೈ ಬರ್ಲಿಲ್ಲ," ಎಂದಳು. "ಇವರಿಗೆ ಹೇಳುವ ಅಂದ್ರೆ, ಹೇಳ್ಲಿಕ್ಕೂ ಅದೇ ಶಬ್ದ ಬೇಕಲ್ಲ. ಇವರೇ ನೋಡಿ ಸರಿಮಾಡ್ತಾರೆ ಅಂತ ಇದ್ದೆ."

ಕೃಷ್ಣಾನಂದರು ಅವಳನ್ನೇ ನೋಡಿದರು. ಮತ್ತೆ ಬಂದು ಕೂತು, ಮೊದಲಿನಿಂದ ಓದಿ ಎಂದರು. ಭಾವ ಓದಿದರು. ಗೆಡ್ಡೆ ಬಂದಲ್ಲೆಲ್ಲ ಅವರ ನಾಲಗೆ ತಡೆಯಿತು, ಹೆಂಡತಿಯ ವ್ರತದ ಎದುರು ಆ ಶಬ್ದ ಹೊರಡಲೊಲ್ಲದು. ಅಕ್ಕನೇ ಹಿಂದಿನಿಂದ ಸ್ಪಷ್ಟವಾಗಿ 'ಹಂದಿ' ಎಂದಳು. ಎದ್ದು ಹೇಳಿದ್ದೂ ಸೇರಿ ಒಟ್ಟು ಒಂಬತ್ತು ಸಲ. ಓದುವಾಗ ಮೊದಲ ಸಲ ಒಬ್ಬಿಬ್ಬರು ನಕ್ಕರು. ಮೂರನೆಯ ಸಲಕ್ಕೆ ಕಮಲಾಕ್ಷನೂ ತಲೆ ತಗ್ಗಿಸಿದ್ದ. ರಾಜ ನೀರು ನೀರು ಎಂದು ಕೇಳುತ್ತ, ಸಿಗದೆ, ಬಾಯಾರಿ ಸತ್ತಾಗ ಯಾರೂ ಕೆಮ್ಮಲೂ ಇಲ್ಲ. ಕೃಷ್ಣಾನಂದರು ಕಟ್ಟನ್ನು ಕೇಳಿ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿದರು.

ಜನ ಭಾವನ ಕೈಕುಲುಕಲು ಮುಗಿಬಿದ್ದರು, ಆದರೆ ಭಾವ ಅಲ್ಲಿರಲಿಲ್ಲ. ಹುಡುಕಿಕೊಂಡು ಹಿತ್ತಲಿಗೆ ಹೋದೆ. ವ್ರತ ಕೆಟ್ಟಿತೆಂದು ಅಕ್ಕ ಉಟ್ಟ ಸೀರೆಯಲ್ಲೇ ಬಾವಿಕಟ್ಟೆಯ ಬಳಿ ಕೂತಿದ್ದಳು. ಭಾವ ಕೋಟು ಕಳಚಿಟ್ಟು, ಏದುಸಿರು ಬಿಡುತ್ತ ನೀರು ಸೇದಿ ಅವಳ ತಲೆಗೆ ಹೊಯ್ಯುತ್ತಿದ್ದರು. ಒಂದು ಕೊಡ ಸಾಕು, ಶೀತವಾಗ್ತದೆ ಎಂದು ಅವಳು ಗೊಣಗಿದಳು.

"ಒಂಬತ್ತು ಸಲ ಹೇಳಿದ್ದಿ ನೀನು," ಎಂದು ಭಾವ ಮತ್ತೆ ಕೊಡ ಇಳಿಸಿದರು. "ಒಂಬತ್ತೂ ನಾನೇ ಸೇದುವುದು."