ಮಡಿಲಲ್ಲಿ ಒಯ್ಯುವ ಸೀಸೆ

ಬೆಳಗಿನ ಐದೂವರೆ. ರಾಣೆಬೆನ್ನೂರು ರೈಲು ನಿಲ್ದಾಣದ ಬೆಂಚಿನ ಮೇಲೆ ಮಹಮೂದಾಬೇಗಂ ಕೂತಿದ್ದಾರೆ. ಮಡಿಲಲ್ಲಿ ಸ್ಟೀಲಿನ ಡಬ್ಬಿ, ಅದರೊಳಗೆ ಹತ್ತಿ ಸುತ್ತಿದ ಪುಟ್ಟ ಸೀಸೆ. ಸೀಸೆಯಲ್ಲಿರುವುದು ಅರ್ಧ ಗಂಟೆಯ ಹಿಂದೆ ಜಯವ್ವ ಎಂಬ ರೋಗಿಯ ಸೊಂಟದ ಎಲುಬಿನಿಂದ ತೆಗೆದ ಮಜ್ಜೆ. ಬೆಂಗಳೂರಿನ ಗಾಡಿ ನಲವತ್ತು ನಿಮಿಷ ತಡ ಎಂದು ಈಗಷ್ಟೇ ಕೂಗಿದರು. ಆಕೆಯ ಕೆಲಸದ ಬಗ್ಗೆ ಬರೆಯಲೆಂದು ಜೊತೆಗೆ ಹೊರಟ ನನ್ನ ಹಲ್ಲು ಜನವರಿಯ ಚಳಿಗೆ ಕಟಕಟ ಎನ್ನುತ್ತಿವೆ. ಆಕೆ ತಮ್ಮ ಶಾಲು ತೆಗೆದು ಡಬ್ಬಿಗೆ ಹೊದಿಸುತ್ತಾರೆ.

"ಇದಕ್ಕ ಥಂಡಿ ಹತ್ತಬಾರದ್ರಿ. ಕಾಯಲೂಬಾರದು. ಮನಿಯಾಗ ನಾವು ಕುಂತಂಗ ಕುಂದರಬೇಕು" ಎನ್ನುತ್ತಾರೆ. ಕಣ್ಣು ಮಾತ್ರ ಹಳಿಯ ಮೇಲೇ.

ಬ್ಯಾಡಗಿಯ ಈ ನಲವತ್ತೇಳರ ಹೆಂಗಸು ಹನ್ನೊಂದು ವರ್ಷದಿಂದ ಒಂದು ಸಣ್ಣ ಲ್ಯಾಬಿಗೆ ಸ್ಯಾಂಪಲ್ ಹೊರುತ್ತಾರೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೇರಿ ದಿನಕ್ಕೆ ಆರು ಆಸ್ಪತ್ರೆ, ನಾಲ್ಕು ಬಸ್ಸು, ಮೂವತ್ತು ಮೂವತ್ತೈದು ಸೀಸೆ. ಗುತ್ತಲದಿಂದ ಕರೆ ಬಂದರೆ ಇನ್ನೊಂದು ಬಸ್ಸು. ವರದಿಯ ಕೆಳಗೆ ಡಾಕ್ಟರ ಸಹಿ ಇರುತ್ತದೆ, ಈಕೆಯ ಹೆಸರು ಎಲ್ಲಿಯೂ ಇರುವುದಿಲ್ಲ. ಬೆಂಗಳೂರಿಗೆ ಖುದ್ದಾಗಿ ಒಯ್ಯುವುದು ವರ್ಷಕ್ಕೆ ಒಂದೋ ಎರಡೋ.

ಜಯವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವರು. ರಕ್ತದ ಕ್ಯಾನ್ಸರ್. ಎರಡು ಸುತ್ತು ಔಷಧ ಕೊಟ್ಟರೂ ನಾಟಿಲ್ಲ. ಡಾಕ್ಟರಿಗೆ ಗುಮಾನಿ ಇರುವುದು ಪಿ-ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನಿನ ಮೇಲೆ. ಜೀವಕೋಶದ ಪೊರೆಯಲ್ಲಿ ಕೂತು, ಒಳಗೆ ನುಗ್ಗಿದ ವಿಷವನ್ನು ಹೊರಗೆ ದಬ್ಬುವ ಪಂಪು ಅದು. ನಮ್ಮೆಲ್ಲರ ಕರುಳಲ್ಲಿ, ಮಿದುಳಿನ ಬಾಗಿಲಲ್ಲಿ ಹಗಲೂ ರಾತ್ರಿ ದುಡಿಯುತ್ತದೆ. ಕ್ಯಾನ್ಸರ್ ಕೋಶದಲ್ಲಿ ಅದು ಹೆಚ್ಚಿದರೆ ಔಷಧವನ್ನೂ ವಿಷವೆಂದೇ ಆಚೆ ಹಾಕುತ್ತದೆ. ಹಾಗಾಗುತ್ತಿದ್ದರೆ ಬೇರೆ ಔಷಧ ಹುಡುಕಬೇಕು. ಪಂಪು ನಡೆಯುವುದನ್ನು ನೋಡಬೇಕಾದರೆ ಕೋಶಗಳು ಜೀವಂತ ಮುಟ್ಟಬೇಕು.

"ಅದರದೇನ ತಪ್ಪಿಲ್ರಿ" ಎನ್ನುತ್ತಾರೆ ಮಹಮೂದಾಬೇಗಂ. "ಹೊರಗ ಹಾಕೂದು ಅದರ ಕೆಲಸ. ಯಾರನ್ನ ಹಾಕಬೇಕು ಅನ್ನೂದ ಅದಕ್ಕ ತಿಳೀವಲ್ದು."

ತಪ್ಪು ಯಾರದೆಂಬ ಮಾತು ಬಂದದ್ದೇ ತಡ, ಹೋದ ತಿಂಗಳ ಕಥೆ ತಾನಾಗಿ ಹೊರಬೀಳುತ್ತದೆ. ಜಯವ್ವನ ಮೊದಲ ಮಜ್ಜೆ ತೆಗೆದದ್ದು ಹಾವೇರಿಯಲ್ಲಿ, ಸಂಜೆ. ಗಾಡಿ ಮರುದಿನಕ್ಕೆ. ಮಹಮೂದಾಬೇಗಂ ಅವರ ಗಂಡ ನಾಸೀರ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲಿ. ಮೆಣಸಿನಕಾಯಿಯ ಬಣ್ಣ, ಘಾಟು ವರ್ಷಗಟ್ಟಲೆ ಕೆಡದೆ ಕಾಯುವ ಜಾಗ. ಅಲ್ಲೇ ಚೀಲಗಳ ನಡುವೆ, ತಂಪಿನ ಕೊಳವೆಗೆ ತಾಗಿಸಿ ಈಕೆ ಸೀಸೆ ಇಡಿಸಿದರು. ಬೆಂಗಳೂರಿನಲ್ಲಿ ತೆರೆದಾಗ ಹೆಪ್ಪುಗಟ್ಟಿ ಕೋಶಗಳೆಲ್ಲ ಒಡೆದಿದ್ದವು.

"ಮೆಣಸಿನಕಾಯಿಗೆ ಚಲೋದು ಇದಕ್ಕೂ ಚಲೋದು ಅಂತ ತಿಳಕೊಂಡೆ. ನನ್ನ ಶ್ಯಾಣ್ಯಾತನಕ್ಕ ಆಕಿ ಎಲುಬಿಗೆ ಮತ್ತ ಸೂಜಿ ಬಿತ್ತು. ಒಂದು ತಿಂಗಳೂ ಸುಮ್ನ ಹೋತು" ಎನ್ನುತ್ತಾ ಡಬ್ಬಿಯ ಮೇಲಿನ ಶಾಲು ಸರಿಮಾಡುತ್ತಾರೆ.

ಈ ಸಲ ಬೇರೆಯವರನ್ನು ಕಳಿಸೋಣ ಎಂದಿದ್ದರಂತೆ ಡಾಕ್ಟರು. ಒಪ್ಪದವರು ಜಯವ್ವ. "ಆಕಿನ ಒಯ್ಯಲಿ. ಈಗ ಆಕಿ ಕಾದಂಗ ಯಾರೂ ಕಾಯೂದಿಲ್ಲ" ಅಂದರಂತೆ.

ಗಾಡಿ ಬರುತ್ತದೆ. ಕಿಟಕಿಯ ಪಕ್ಕ ಬೇಡ, ಬಿಸಿಲು ಬೀಳುತ್ತದೆ. ಬಾಗಿಲ ಬಳಿ ಬೇಡ, ಗಾಳಿ. ಹರಿಹರ ದಾಟುತ್ತದೆ, ದಾವಣಗೆರೆ ದಾಟುತ್ತದೆ. ಆಕೆ ಚಹಾ ಕುಡಿಯುವುದಿಲ್ಲ, ಎದ್ದು ಹೋಗುವುದಿಲ್ಲ. ತುಮಕೂರಿನ ಆಚೆ ಗಾಡಿ ಸುಮ್ಮನೆ ನಿಂತಾಗ ಗಂಟೆ ಎಷ್ಟೆಂದು ನನ್ನನ್ನು ಏಳು ಸಲ ಕೇಳುತ್ತಾರೆ. ಎಂಟನೆಯ ಸಲ ಕೇಳುವ ಮೊದಲೇ ನಾನೇ ಹೇಳುತ್ತೇನೆ.

ಲ್ಯಾಬು ಮುಟ್ಟಿದಾಗ ಎರಡು ಗಂಟೆ. ಸೀಸೆ ಒಳಗೆ ಹೋಗುತ್ತದೆ. ಇಪ್ಪತ್ತೈದು ನಿಮಿಷ ಆಕೆ ಗೋಡೆಗೆ ಒರಗದೆ ನಿಂತೇ ಇರುತ್ತಾರೆ. ಬಿಳಿ ಕೋಟಿನ ಹುಡುಗಿಯೊಬ್ಬಳು ಬಾಗಿಲು ತೆರೆದು, "ಜೀವಂತವಾಗಿದೆ ಕಣಮ್ಮ, ಟೆಸ್ಟಿಗೆ ತಗೊಂಡಿದೀವಿ. ಫಲಿತಾಂಶ ಗುರುವಾರ" ಎನ್ನುತ್ತಾಳೆ.

ಬೀದಿಯ ಕಾಯಿನ್ ಫೋನಿನಿಂದ ರಾಣೆಬೆನ್ನೂರಿನ ವಾರ್ಡಿಗೆ ಕರೆ ಹೋಗುತ್ತದೆ. ಆ ಕಡೆ ಜಯವ್ವ ಏನು ಕೇಳಿದರೋ ನನಗೆ ಕೇಳಿಸಲಿಲ್ಲ.

"ಪಂಪು ಐತೋ ಇಲ್ಲೋ ಗುರುವಾರ ಹೇಳ್ತಾರಂತವ್ವಾ, ಅದು ನನಗ ತಿಳಿಯೂದಿಲ್ಲ" ಎನ್ನುತ್ತಾರೆ ಮಹಮೂದಾಬೇಗಂ, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು. "ಮತ್ತ ಸೂಜಿ ಇಲ್ಲ. ಸೂಜಿಗಂತ ಬೋರಲ ಮಲಗೂದು ಮುಗೀತು, ಅಂಗಾತ ಮಲಗು."